ಧೂಳಿಲ್ಲದ ಫ್ಯೂಸು

"ಕೆಂಪು ತ್ರಿಕೋನದ ಬಟನ್ ಒತ್ತಿದೀನಿ. ಹಿಂದೆ ಏನು ಕಾಣ್ತಿದೆ ಹೇಳಪ್ಪ," ಎಂದು ಟೆಸ್ಟರಮ್ಮ ಪಿಕಪ್ಪಿನ ಚಾಲಕನ ಸೀಟಿನಿಂದಲೇ ಕೂಗಿದಳು.

ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ಬಗ್ಗಿ ನೋಡಿದ. "ಎರಡೂ ಮಿಣುಕ್ತಾ ಇವೆ ಅಮ್ಮ. ಎಡಗಡೇದೂ, ಬಲಗಡೇದೂ."

ಅವಳು ಬಟನ್ ಆರಿಸಿ, ಸ್ಟೀರಿಂಗಿನ ಪಕ್ಕದ ಕಡ್ಡಿಯನ್ನು ಎಡಕ್ಕೆ ತಳ್ಳಿದಳು. "ಈಗ?"

"ಏನೂ ಇಲ್ಲ."

ಬಲಕ್ಕೆ ತಳ್ಳಿದಳು. "ಈಗ?"

"ಸತ್ತು ಹೋಗಿದೆ. ಅದನ್ನೇ ತಾನೆ ನಾವೂ ಮೊದಲ ದಿನಾನೇ ಬರ್ಕೊಂಡಿದ್ದು."

ಟೆಸ್ಟರಮ್ಮ ತುರುಬಿಗೆ ಸಿಕ್ಕಿಸಿಕೊಂಡಿದ್ದ, ಕರೆಂಟು ಬರುತ್ತಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪನ್ನು ಎಳೆದು ತೆಗೆದಳು. ಈ ಉಪಕರಣ ತಲೆಯಲ್ಲಿ ಇಲ್ಲದ ದಿನ ಅವಳನ್ನು ಯಾರೂ ಕಂಡವರಿಲ್ಲ; ಹೆಸರು ಬಂದದ್ದೂ ಅದರಿಂದಲೇ. ಬೇರೆಯವರಾದರೆ 'ಇಂಡಿಕೇಟರ್ ಕೆಟ್ಟಿದೆ' ಎಂದು ಬರೆದು ಮನೆಗೆ ಹೋಗುತ್ತಿದ್ದರು. ಅವಳಿಗೆ ಲೆಕ್ಕ ಶುರುವಾಗುವುದೇ ಅಲ್ಲಿಂದ. ತ್ರಿಕೋನದ ಬಟನ್ನಿಗೆ ಫ್ಯೂಸೇ ಬೇರೆ. ಅದನ್ನು ಒತ್ತಿದಾಗ ಹಿಂದಿನ ಎರಡೂ ದೀಪ ಮಿಣುಕುತ್ತವೆ ಎಂದರೆ ತಂತಿ ಸರಿ ಇದೆ, ಮಿಣುಕಿಸುವ ಫ್ಲ್ಯಾಶರ್ ಸರಿ ಇದೆ. ಎಡ ಬಲ ಬೇರೆ ಬೇರೆ ಹತ್ತುವುದಿಲ್ಲ ಎಂದರೆ ಕಾಯಿಲೆ ಇರುವುದು ಫ್ಯೂಸಿನಿಂದ ಕಡ್ಡಿಯವರೆಗಿನ ಗೇಣುದ್ದ ದಾರಿಯಲ್ಲಿ.

ಠಾಣೆಯ ಹಿತ್ತಿಲಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಮೊನ್ನೆ ಬೆಳಿಗ್ಗೆ ನೀರಿನ ಟ್ಯಾಂಕಿನ ನಾಲ್ಕು ರಸ್ತೆಯಲ್ಲಿ ಲಾಂಡ್ರಿಯ ಈ ಪಿಕಪ್ಪು ಗಡಿಯಾರ ರಿಪೇರಿಯವರ ಸ್ಕೂಟರಿಗೆ ಗುದ್ದಿ, ಅಲ್ಲಿಂದ ಟ್ಯಾಂಕಿನ ಗೋಡೆಗೆ ಹೋಗಿ ಅಪ್ಪಳಿಸಿತ್ತು. ಗಡಿಯಾರದವರು ದವಡೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು, ಮಾತಿಲ್ಲ. ಅವರ ಬೀಗ ಹಾಕಿದ ಅಂಗಡಿಯೊಳಗೆ ಊರವರ ಗಡಿಯಾರಗಳು ಗಂಟೆಗೊಮ್ಮೆ ಒಂದೊಂದಾಗಿ ಹೊಡೆದುಕೊಳ್ಳುತ್ತಿದ್ದವು.

ಊರೆಲ್ಲ ಸಿಗ್ನಲ್ ಮಾವ ಎಂದು ಕರೆಯುವ ಪಿಕಪ್ಪಿನ ಚಾಲಕ ತಪ್ಪನ್ನು ತಾವಾಗಿಯೇ ಒಪ್ಪಿಕೊಂಡಿದ್ದರು. 'ಗಡಿಯಾರದವರು ಎಡಗಡೆಯ ರಸ್ತೆಯ ಬಾಯಲ್ಲಿ ಕಾಯುತ್ತಿದ್ದರು. ನಾನು ಎಡಕ್ಕೆ ತಿರುಗಿದೆ. ಇಂಡಿಕೇಟರ್ ಹತ್ತಲಿಲ್ಲ. ನೋಡಿಕೊಳ್ಳಬೇಕಾದವನು ನಾನು.' ಇಷ್ಟೇ ಹೇಳಿಕೆ.

ಬ್ರೇಕು, ಸ್ಟೀರಿಂಗು ನೋಡಿ ಹೋದ ವಾಹನ ತಪಾಸಣೆಯ ಅಧಿಕಾರಿ ವೈರಿಂಗ್ ಎಂದರೆ ಕೈಮುಗಿಯುವ ಮನುಷ್ಯ. ಹಾಗಾಗಿ ಆ ಕೆಲಸ ಎಂದಿನಂತೆ ಟೆಸ್ಟರಮ್ಮನ ಪಾಲಿಗೆ ಬಂದಿತ್ತು. ನಾಲ್ಕು ಗಂಟೆಯೊಳಗೆ ಅವಳು ವರದಿ ಕೊಡಬೇಕು. ಇಂಡಿಕೇಟರ್ ಮೊದಲೇ ಕೆಟ್ಟಿತ್ತು ಎಂದು ಅವಳು ಬರೆದರೆ ಮಾವ ಕೋರ್ಟಿಗೆ, ಅಲ್ಲಿಂದ ಜೈಲಿಗೆ. ಗುದ್ದಿದ ಏಟಿಗೆ ಕೆಟ್ಟಿತು ಎಂದರೆ ಉಳಿದುಕೊಳ್ಳುತ್ತಾರೆ.

ಅವಳಿಗೆ ಅವರನ್ನು ಉಳಿಸಬೇಕಿತ್ತು. ಅದನ್ನು ಮುಚ್ಚಿಟ್ಟು ಹೇಳುವುದೇನಿದೆ?

ಗಂಡ ತೀರಿಕೊಂಡ ವರ್ಷ ಅವಳು ಅವರ ಗಾಡಿ ವೈರಿಂಗಿನ ಶೆಡ್ಡಿನ ಬಾಗಿಲು ಮತ್ತೆ ತೆರೆದಾಗ, ಹೆಂಗಸಿನ ಕೈಗೆ ವೈರಿಂಗ್ ಕೊಟ್ಟರೆ ಗಾಡಿ ಹೊತ್ತಿಕೊಳ್ಳುತ್ತದೆ ಎಂದು ಜನ ಆಡಿಕೊಂಡಿದ್ದರು. ಮೂರು ವಾರ ನೊಣ ಹೊಡೆದದ್ದಾಯಿತು. ನಾಲ್ಕನೆಯ ವಾರ ಮೊದಲು ಬಂದ ಗಾಡಿ ಸಿಗ್ನಲ್ ಮಾವನದು. ಹಾರ್ನಿನ ತಂತಿ ಸರಿ ಮಾಡಿಸಿಕೊಂಡು, ಅವರು ಊರೆಲ್ಲ ಪೀಂ ಪೀಂ ಎನಿಸುತ್ತಾ ಹೋದರು. ಮರುದಿನ ಅಂಗಡಿ ಮುಂದೆ ಐದು ಗಾಡಿ ನಿಂತಿದ್ದವು.

ಅವರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ನರಪಿಳ್ಳೆ ಇಲ್ಲದ ಲಾಂಡ್ರಿ ಅಂಗಳದಲ್ಲಿ ಗಾಡಿ ತಿರುಗಿಸುವಾಗಲೂ ಇಂಡಿಕೇಟರ್ ಹಾಕುವ ಆಸಾಮಿ. ಅಡುಗೆಮನೆಯಿಂದ ನಡುಮನೆಗೆ ತಿರುಗುವಾಗಲೂ ಕೈ ತೋರಿಸುತ್ತಾರೆ ಎಂದು ಅವರ ಹೆಂಡತಿಯೇ ಹೇಳುತ್ತಿದ್ದರು. ನೇರ ಹೋಗುವಾಗ ನಾಲ್ಕೂ ದೀಪ ಮಿಣುಕಿಸುವವರನ್ನು ಕಂಡರಂತೂ ಅವರಿಗೆ ಮೈ ಉರಿಯುತ್ತಿತ್ತು. "ನೇರ ಹೋಗೋನು ಸುಮ್ನೆ ಹೋಗ್ಬೇಕು. ಅದಕ್ಕೆ ದೀಪ ಯಾಕೆ?" ಎಂದು ಶೆಡ್ಡಿನ ಬೆಂಚಿನ ಮೇಲೆ ಕೂತು ಎಷ್ಟೋ ಸಲ ಭಾಷಣ ಬಿಗಿದಿದ್ದರು. ಟೆಸ್ಟರಮ್ಮ ಬೆಸುಗೆ ಹಾಕುತ್ತಾ ಹೂಂಗುಟ್ಟುತ್ತಿದ್ದಳು.

ಮೂವತ್ತೊಂದು ವರ್ಷ ಒಂದು ಗೀರೂ ಬೀಳಿಸದ ಮನುಷ್ಯ ಈಗ ಠಾಣೆಯ ತಗಡಿನ ಚಾವಣಿಯ ಕೆಳಗೆ, ಬೆಂಚಿನ ತುದಿಯಲ್ಲಿ ಕೂತಿದ್ದರು.

ಅವಳು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಲಾಂಡ್ರಿಯ ಗಾಡಿ. ದಿನಕ್ಕೆ ಎರಡು ಸಲ ಆಸ್ಪತ್ರೆಯ ಚಾದರ, ಟವೆಲುಗಳನ್ನು ಹೊತ್ತು ಹೊತ್ತು, ಹತ್ತಿಯ ನಯವಾದ ಬಿಳಿ ಧೂಳು ಅದರ ಸಂದಿಗೊಂದಿಯಲ್ಲೆಲ್ಲ ಕೂತಿತ್ತು. ಎರಡು ಸಾಲಿನ ಫ್ಯೂಸುಗಳೂ ಆ ಧೂಳನ್ನು ಹೊದ್ದುಕೊಂಡು ಮಲಗಿದ್ದವು. ಮೇಲಿನ ಸಾಲಿನ ನಾಲ್ಕನೆಯದು ಮಾತ್ರ ಆಗ ತಾನೆ ಸ್ನಾನ ಮಾಡಿ ಬಂದು ಕೂತಂತೆ ಹೊಳೆಯುತ್ತಿತ್ತು.

ನಾಲ್ಕನೆಯದೇ ಇಂಡಿಕೇಟರಿನದು.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಸಿ, ಮೊನೆಯನ್ನು ಫ್ಯೂಸಿನ ಒಂದು ಬದಿಗೆ ತಾಗಿಸಿದಳು. ಲ್ಯಾಂಪು ಹತ್ತಿತು. ಇನ್ನೊಂದು ಬದಿಗೆ ತಾಗಿಸಿದಳು. ಹತ್ತಲಿಲ್ಲ.

"ಫ್ಯೂಸು ಸುಟ್ಟಿದೆ," ಎಂದಳು.

"ಸಿಕ್ಕಿತಲ್ಲ, ಮುಗೀತು ಬಿಡಿ," ಎಂದ ಕಾನ್‌ಸ್ಟೇಬಲ್. ಅವನಿಗೆ ಊಟದ ಹೊತ್ತಾಗಿತ್ತು.

"ಎಲ್ಲಿ ಮುಗೀತು? ಫ್ಯೂಸು ತಾನಾಗೇ ಸಾಯಲ್ಲಪ್ಪ. ಎಲ್ಲೋ ತಂತಿ ಕಬ್ಬಿಣಕ್ಕೆ ತಾಗಿದ್ರೆ ತಾನು ಸತ್ತು ಗಾಡೀನ ಉಳಿಸುತ್ತೆ. ಹೊಸದು ಹಾಕ್ತೀನಿ ನೋಡು. ಕಾಯಿಲೆ ಇನ್ನೂ ಒಳಗಿದ್ರೆ ಇದೂ ಟಪ್ ಅಂತ ಹೋಗ್ಬೇಕು."

ಹೊಸದನ್ನು ಹಾಕಿ ಕಡ್ಡಿಯನ್ನು ಎಡಕ್ಕೆ ತಳ್ಳಿದಳು. ಹಿಂದಿನ ಎಡ ದೀಪ ಸರಸರನೆ ಮಿಣುಕತೊಡಗಿತು. ಮುಂದಿನ ಜೊತೆಗಾರ ಹೋಗಿದ್ದರಿಂದ ಅದಕ್ಕೆ ಅವಸರ. ಬಲಕ್ಕೆ ತಳ್ಳಿದಾಗಲೂ ಹಾಗೇ. ಮುಂಭಾಗದ ತಂತಿಗಳನ್ನೆಲ್ಲ ಕೈಯಲ್ಲಿ ಹಿಡಿದು ಅಲುಗಾಡಿಸಿದಳು. ಹತ್ತು ನಿಮಿಷ ಕಾದಳು. ಫ್ಯೂಸಿಗೆ ಏನೂ ಆಗಲಿಲ್ಲ. ಒಂದು ತಂತಿಯಲ್ಲೂ ಕರಿ ಕಲೆ ಇರಲಿಲ್ಲ.

ಗಾಡಿಗೆ ಯಾವ ಕಾಯಿಲೆಯೂ ಇಲ್ಲ. ಹಾಗಾದರೆ ಈ ಫ್ಯೂಸು ಯಾಕೆ ಸತ್ತಿತು?

ಕಿತ್ತ ಫ್ಯೂಸನ್ನು ಅಂಗೈಯಲ್ಲಿಟ್ಟು ನೋಡಿದಳು. ಕೆಂಪು, ಹತ್ತು ಆಂಪಿಯರಿನದು. ಮುಚ್ಚಳದ ಒಳಗಿನ ನಕ್ಷೆಯಲ್ಲಿ ಆ ಮನೆಗೆ ಬರೆದದ್ದು ಹದಿನೈದು, ನೀಲಿ. ಮಾವನ ಗಾಡಿಯಲ್ಲಿ ಹತ್ತರದನ್ನು ಹದಿನೈದರ ಮನೆಗೆ ಹಾಕುವುದೇ? ಚಾಲಕರಿಗೆಲ್ಲ ಪಾಠ ಹೇಳುವವರು ಅವರು.

ಒಂದು ವಿಷಯ ನೆನಪಾಗಿ, ಅವಳು ಎದುರಿನ ಖಾನೆಗೆ ಕೈ ಹಾಕಿದಳು. ಇತ್ತು. ತುಕ್ಕು ಹಿಡಿದ ಪುಟ್ಟ ತಗಡಿನ ಡಬ್ಬಿ. ಸುಟ್ಟ ಫ್ಯೂಸನ್ನು ಎಸೆಯಬಾರದು, ಅಂಗಡಿಯಲ್ಲಿ ತೋರಿಸಿ ಅದೇ ಬಣ್ಣದ್ದು ತರಬೇಕು ಎಂದು ಮಾವ ಕೂಡಿಡುತ್ತಿದ್ದ ಡಬ್ಬಿ ಅದು.

ಒಳಗೆ ಎರಡು ಸುಟ್ಟ ಫ್ಯೂಸು, ಒಂದು ಸ್ಕ್ರೂ. ಜೊತೆಗೆ ಒಂದು ನೀಲಿ ಫ್ಯೂಸು. ಹದಿನೈದರದು. ಬೆಳಕಿಗೆ ಹಿಡಿದು ನೋಡಿದಳು. ಒಳಗಿನ ತಂತಿ ಗಟ್ಟಿಯಾಗಿತ್ತು. ಅದರ ಹೆಗಲ ಮೇಲೆ ಹತ್ತಿಯ ಬಿಳಿ ಧೂಳು ಇನ್ನೂ ಹಾಗೇ ಇತ್ತು.

ಚೆನ್ನಾಗಿದ್ದ ಫ್ಯೂಸನ್ನು ಯಾರೋ ಕಿತ್ತು ಸುಟ್ಟದ್ದನ್ನು ಕೂರಿಸಿದ್ದಾರೆ. ಅದೂ ಚೆನ್ನಾಗಿರುವ ವಸ್ತುವನ್ನು ಎಸೆಯಲು ಮನಸ್ಸು ಬಾರದ ಯಾರೋ.

"ಅತ್ತೆ."

ಸೊಸೆ ಬಂದು ನಿಂತಿದ್ದಳು. ಎಡಗೈಯಲ್ಲಿ ಎರಡು ಊಟದ ಡಬ್ಬಿ, ಒಂದು ಅತ್ತೆಗೆ, ಒಂದು ಮಾವನಿಗೆ. ಗೇಟಿನ ಹತ್ತಿರ ಶೆಡ್ಡಿನ ಪುಟ್ಟ ವ್ಯಾನು ನಿಂತಿತ್ತು. ಲೈಸೆನ್ಸ್ ಬಂದು ಇನ್ನೂ ಎರಡು ತಿಂಗಳು. ಅಂದಿನಿಂದ ಡಬ್ಬಿ ತರುವ ಕೆಲಸ ಅವಳದೇ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ನಡೆಯುತ್ತಿತ್ತು. ಇವರಿಬ್ಬರ ಜಗಳ ನೋಡಲು ಕಾದಿದ್ದ ನೆರೆಯವರಿಗೆ ಒಂದೂವರೆ ವರ್ಷದಿಂದ ನಿರಾಸೆಯೇ. ಹಗಲಿಗೆ ಲಾಂಡ್ರಿಯಲ್ಲಿ ಚಾದರ ಎಣಿಸಿ ಗಾಡಿಗೆ ಹಾಕಿಸುವ ಹುಡುಗಿ, ಸಂಜೆಗೆ ಅತ್ತೆಯ ಪಕ್ಕ ಕೂತು ಡೈನಮೋ ಬಿಚ್ಚುತ್ತಿದ್ದಳು. ಮಗ ಸ್ಪ್ಯಾನರ್ ಹಿಡಿದರೆ ಕಾಲ ಮೇಲೆ ಬೀಳಿಸಿಕೊಳ್ಳುವ ಜಾತಿ. ಅದಕ್ಕೇ ದೇವರು ಇವಳನ್ನು ಕಳಿಸಿದ ಎಂದು ಟೆಸ್ಟರಮ್ಮ ಎಲ್ಲರೆದುರಿಗೂ ಹೇಳುತ್ತಿದ್ದಳು.

"ಮುಖ ಯಾಕೆ ಹಾಗಿದೆ? ಬೆಳಿಗ್ಗೇನೂ ತಿನ್ನಲಿಲ್ಲ."

"ಅತ್ತೆ, ನಿಮ್ಮ ಹತ್ರ ಒಂದು ಮಾತಿತ್ತು."

"ಸಂಜೆ ಮಾತಾಡೋಣ ಪುಟ್ಟಿ. ನಾಲ್ಕು ಗಂಟೆಗೆ ವರದಿ ಕೊಡ್ಬೇಕು, ಇಲ್ಲಿ ಏನೋ ಗೋಜಲಾಗಿದೆ."

ಹುಡುಗಿ ಒಂದು ಡಬ್ಬಿಯನ್ನು ಅತ್ತೆಯ ಪಕ್ಕದ ಸೀಟಿನ ಮೇಲಿಟ್ಟಳು. "ಖಾಲಿ ಡಬ್ಬಿ ತಗೊಂಡೇ ಹೋಗ್ತೀನಿ," ಎಂದು, ಇನ್ನೊಂದು ಡಬ್ಬಿಯನ್ನು ಮಾವನ ಪಕ್ಕ ಇಟ್ಟು, ವ್ಯಾನಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಮಾವ ಅವಳ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಕಾನ್‌ಸ್ಟೇಬಲ್ ಊಟಕ್ಕೆ ಹೋದ. ಟೆಸ್ಟರಮ್ಮ ಪಿಕಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮುಂದಿನ ದೀಪಗಳಿಗೆ ಕೈ ಹಾಕಿದಳು.

ಗೋಡೆಗೆ ಗುದ್ದಿ ಎಡದೀಪದ ಹೊರಗಾಜು ಪುಡಿಯಾಗಿತ್ತು, ಒಳಗಿನ ಬಲ್ಬೂ ಒಡೆದಿತ್ತು. ಬುಡವನ್ನು ಹುಷಾರಾಗಿ ತಿರುಗಿಸಿ ತೆಗೆದಳು. ಒಳಗಿನ ಸುರುಳಿ ತಂತಿಯ ಮೇಲೆ ಮಾಸಿದ ಬಿಳಿ ಬೂದಿ ಹಿಡಿದಿತ್ತು.

ಅವಳಿಗೆ ಕುಣಿಯಬೇಕೆನಿಸಿತು. ಆರಿದ ಬಲ್ಬ್ ಒಡೆದರೆ ತಂತಿ ಹೊಳೆಯುತ್ತಲೇ ಇರುತ್ತದೆ. ಉರಿಯುವ ಬಲ್ಬ್ ಒಡೆದರೆ ಕಾದ ತಂತಿಗೆ ಗಾಳಿ ತಾಗಿ ಹೀಗೆ ಬೂದಿ ಹಿಡಿಯುತ್ತದೆ. ಗೋಡೆಗೆ ಗುದ್ದಿದ ಕ್ಷಣದಲ್ಲಿ ಎಡದ ಇಂಡಿಕೇಟರ್ ಹತ್ತಿತ್ತು. ಮಾವ ಸಿಗ್ನಲ್ ಹಾಕಿದ್ದರು! ಆ ಕ್ಷಣ ಅವಳಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಆಮೇಲೆ ಫ್ಯೂಸು ಬದಲಿಸಿದವರು ಯಾರು ಎಂಬುದನ್ನು ಇನ್ಸ್‌ಪೆಕ್ಟರ್ ಸಾಹೇಬರು ನೋಡಿಕೊಳ್ಳಲಿ; ಮನುಷ್ಯ ಉಳಿದರಲ್ಲ, ಅಷ್ಟು ಸಾಕು.

ಕೆಲಸ ಅರ್ಧ ಮಾಡಿ ಏಳುವ ಅಭ್ಯಾಸ ಅವಳಿಗಿರಲಿಲ್ಲ. ಲೆಕ್ಕಕ್ಕೆ ಇರಲಿ ಎಂದು ಬಲಗಡೆಯ ಬಲ್ಬನ್ನೂ ತೆಗೆದಳು.

ಅದು ಒಡೆದಿರಲಿಲ್ಲ. ಗಾಜಿನೊಳಗೆ ಸುರುಳಿ ತಂತಿ ಹಳೆಯ ಸ್ಪ್ರಿಂಗಿನಂತೆ ಜೋಲು ಬಿದ್ದು, ಸುತ್ತುಗಳು ಒಂದರಿಂದೊಂದು ದೂರ ಎಳೆದುಕೊಂಡಿದ್ದವು; ಒಂದು ತುದಿ ಕಳಚಿತ್ತು. ತಣ್ಣಗಿನ ತಂತಿ ಏಟು ಬಿದ್ದರೆ ತುಂಡಾಗುತ್ತದೆ, ಇಲ್ಲವೆ ಹಾಗೇ ಉಳಿಯುತ್ತದೆ. ಹೀಗೆ ಎಳೆದುಕೊಳ್ಳಬೇಕಾದರೆ ಆ ಕ್ಷಣದಲ್ಲಿ ಅದು ಕಾದು ಮೆತ್ತಗಾಗಿರಬೇಕು.

ಬಲದ್ದೂ ಹತ್ತಿತ್ತು.

ಅವಳು ಎರಡು ಬಲ್ಬನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಎಡವೂ ಹತ್ತಿ, ಬಲವೂ ಹತ್ತಿದ್ದರೆ ಅದು ತಿರುಗುವ ಸಿಗ್ನಲ್ಲಲ್ಲ. ಕೆಂಪು ತ್ರಿಕೋನ ಒತ್ತಿ ನಾಲ್ಕೂ ದೀಪ ಹಾಕಿಕೊಂಡು ಗಾಡಿ ನೇರ ಹೋಗುತ್ತಿತ್ತು. ಗುದ್ದಿದ ಮೇಲೆ ಯಾರಾದರೂ ಹಾಕಿದರು ಎನ್ನುವ ಹಾಗೂ ಇಲ್ಲ; ಏಟು ಬಿದ್ದ ಗಳಿಗೆಯಲ್ಲೇ ತಂತಿ ಕಾದಿತ್ತು.

ನೇರ ಹೋಗುವಾಗ ನಾಲ್ಕು ದೀಪ ಹಾಕುವುದು, ಅದೂ ಸಿಗ್ನಲ್ ಮಾವ! ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಎಂದರೂ ಅವಳು ನಂಬಿಯಾಳು.

ನೀಲಿ ಫ್ಯೂಸನ್ನು ಜೇಬಿಗೆ ಹಾಕಿಕೊಂಡು ಅವಳು ತಗಡಿನ ಚಾವಣಿಯ ಕಡೆ ನಡೆದಳು.

"ಊಟ ಮಾಡಿದ್ರಾ ಮಾವ?"

"ಸೇರಲ್ಲ ಕಣಮ್ಮ."

ಅವರ ಪಕ್ಕ ಕೂತು, ಇಬ್ಬರ ನಡುವೆ ಬೆಂಚಿನ ಮೇಲೆ ಫ್ಯೂಸನ್ನು ಇಟ್ಟಳು. ಮಾವ ಅದನ್ನು ನೋಡಿ, ಕಣ್ಣು ತೆಗೆದು ತಮ್ಮ ಚಪ್ಪಲಿ ನೋಡಿಕೊಂಡರು.

"ನಿಮ್ಮ ಡಬ್ಬೀಲಿ ಸಿಕ್ತು. ಮೋರಿಗೆ ಎಸೆದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಚೆನ್ನಾಗಿರೋದು. ಹೇಗಮ್ಮ ಎಸೀಲಿ?"

"ಸುಟ್ಟಿದ್ದನ್ನ ಕೂರಿಸೋಕೆ ಮುಂಚೆ ಅಂಗಿಗೆ ಬೇರೆ ಒರೆಸಿದ್ರಿ."

"ಕೊಳೆ ವಸ್ತು ಹಾಕಿ ಅಭ್ಯಾಸ ಇಲ್ಲ," ಎಂದರು ಮಾವ ತಪ್ಪಿತಸ್ಥರ ದನಿಯಲ್ಲಿ. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು.

"ಯಾಕೆ ಮಾಡಿದ್ರಿ?"

"ಮಾಡದೆ ಇದ್ರೆ ಯಾರು ನಂಬ್ತಿದ್ರು ಹೇಳು. ಸಿಗ್ನಲ್ ಮಾವ ಸಿಗ್ನಲ್ ಹಾಕದೆ ತಿರುಗಿಸಿದ ಅಂದ್ರೆ ಆ ಕಾನ್‌ಸ್ಟೇಬಲ್ಲೇ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಇಂಡಿಕೇಟರ್ರೇ ಸತ್ತಿರಬೇಕಿತ್ತು."

ಅದು ನಿಜವೇ. ಮೂವತ್ತೊಂದು ವರ್ಷದ ಒಳ್ಳೆಯ ಹೆಸರು ಸುಳ್ಳಿಗೆ ಅಡ್ಡ ಬಂದಿತ್ತು.

"ಸ್ಕೂಟರೇ ಅಡ್ಡ ಬಂತು ಅನ್ನಬಹುದಿತ್ತಲ್ಲ?"

"ಹಾಸಿಗೆ ಹಿಡಿದೋರ ಮೇಲೆ ಹೇಳೋಕೆ ನಾಲಿಗೆ ಏಳಲಿಲ್ಲ. ನನ್ನ ಮದುವೆ ಗಡಿಯಾರ ಇವತ್ತಿಗೂ ಓಡ್ತಿರೋದು ಅವರ ಕೈಯಿಂದ."

"ಬಲ್ಬ್ ಎರಡೂ ತೆಗೆದು ನೋಡಿದೆ ಮಾವ. ನಾಲ್ಕೂ ಹತ್ತಿದ್ವು. ಗಾಡಿ ತಿರುಗ್ತಾ ಇರಲಿಲ್ಲ, ನೇರ ಹೋಗ್ತಿತ್ತು. ನಾಲ್ಕೂ ಹಾಕ್ಕೊಂಡು ನೇರ ಹೋಗೋರು ನೀವಲ್ಲ."

ಮಾವ ಚಪ್ಪಲಿಯ ತುದಿಯಿಂದ ಮಣ್ಣು ಕೆರೆದರು.

"ನಮ್ಮ ಗಾಡಿಗಳಲ್ಲಿ ಸ್ಟೀರಿಂಗ್ ಇರೋದು ಬಲಗಡೆ. ಓಡಿಸೋರಿಗೆ ಬೆಲ್ಟು ಬರೋದು ಬಲ ಹೆಗಲ ಮೇಲಿಂದ. ಗೋಡೆಗೆ ಹಾಗೆ ಗುದ್ದಿದ್ರೆ ಬೆಲ್ಟಿನ ಗುರುತು..."

ಅವಳು ಮಾತು ಮುಗಿಸುವ ಮೊದಲೇ ಮಾವನ ಬಲಗೈ ಎದ್ದು ಅಂಗಿಯ ಕಾಲರು ಸರಿ ಮಾಡಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಪಾಪ, ಇವರು ಏನನ್ನೂ ಕದ್ದವರಲ್ಲ. ಆದರೆ ಕಾಲರಿನ ಪಕ್ಕದಲ್ಲಿ ನೀಲಿಗಟ್ಟಿದ ಪಟ್ಟಿಯೊಂದು ಇಣುಕಿ, ಮರೆಯಾಯಿತು.

"ಅದು ಎಡ ಹೆಗಲು ಮಾವ," ಎಂದಳು ಟೆಸ್ಟರಮ್ಮ ಮೆಲ್ಲಗೆ. "ನೀವು ಪಕ್ಕದ ಸೀಟಲ್ಲಿ ಕೂತಿದ್ರಿ. ಓಡಿಸ್ತಾ ಇದ್ದದ್ದು ಯಾರು?"

"ಫ್ಯೂಸು ಸುಟ್ಟಿತ್ತು ಅಂತ ಬರಿ. ಸುಳ್ಳೇನಲ್ಲವಲ್ಲ."

"ಯಾರು ಮಾವ?"

"ನನಗೆ ಅರವತ್ತೊಂದಾಯ್ತು. ಓಡಿಸಿದ್ದು ಸಾಕು. ಆ ಜೀವ ಇನ್ನೂ ಈಗ ಕಣ್ಣು ಬಿಡ್ತಿದೆ. ದೊಡ್ಡ ಗಾಡಿ ಓಡಿಸ್ಬೇಕು ಅಂತ ಆಸೆ. ನಾನೇ ಬೆಳಿಗ್ಗೆ ಹೊತ್ತು ಕೂರಿಸಿಕೊಂಡು ಕಲಿಸ್ತಿದ್ದೆ. ಕೈ ಒಳ್ಳೇದಿದೆ. ಗುದ್ದಿದ ಮೇಲೂ ಮೊದಲು ಇಳಿದು ಓಡಿದ್ದು ಗಡಿಯಾರದವರ ಹತ್ರಾನೇ, ಅವರ ತಲೆ ಎತ್ತಿ ತೊಡೆ ಮೇಲೆ ಇಟ್ಕೊಂಡು ಅಳ್ತಾ ಇತ್ತು. ಜನ ಸೇರೋಕೆ ಮುಂಚೆ ನಾನೇ ಗದರಿಸಿ ಓಡಿಸಿದೆ."

ಟೆಸ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಕ್ಕೆ ನಾನು ಸಹಿ ಮಾಡಲ್ಲ. ಅಲ್ಲ, ಆ ಮನೇಲಿ ದೊಡ್ಡೋರು ಅಂತ ಯಾರೂ ಇಲ್ವಾ? ತಮ್ಮ ಮನೆ ಮಕ್ಕಳು ಮಾಡಿದ್ದಕ್ಕೆ ಬೇರೆಯವರು ಜೈಲಿಗೆ ಹೋಗ್ತಿದ್ರೂ ತೆಪ್ಪಗೆ ಕೂತಿರೋರು ಎಂಥ ಜನ ಮಾವ ಅವರು?"

ಮಾವ ಅವಳ ಮುಖವನ್ನೇ ನೋಡಿದರು. ಆ ನೋಟದಲ್ಲಿ ಇದ್ದದ್ದು ಕನಿಕರ. ಅದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

"ಹಾಗನ್ನಬೇಡ ತಾಯಿ. ಅವರಿಗೆ ಗೊತ್ತಿಲ್ಲ." ಬೆಂಚಿನ ಮೇಲಿನ ಫ್ಯೂಸನ್ನು ಅವಳ ಕಡೆ ಸರಿಸಿ ಕೇಳಿದರು. "ಈ ನಾಲ್ಕು ದೀಪದ ವಿಷಯಕ್ಕೆ ನಾನು ಇಷ್ಟು ವರ್ಷ ಜಗಳ ಆಡಿದ್ದು ಯಾರ ಜೊತೆ?"

ಅವಳ ಕಣ್ಣು ಗೇಟಿನ ಬಳಿಯ ವ್ಯಾನಿನ ಕಡೆ ಹೊರಳಿತು.

ಅವಳ ಜೊತೆಗೇ.

ಎರಡು ತಿಂಗಳ ಹಿಂದೆ ಇದೇ ವ್ಯಾನಿನಲ್ಲಿ ಸೊಸೆಯ ಪಕ್ಕ ಕೂತು ಹೇಳಿದ್ದು ಅವಳ ಕಿವಿಗೆ ಅವಳದೇ ದನಿಯಲ್ಲಿ ಕೇಳಿಸಿತು. 'ನಾಲ್ಕು ರಸ್ತೆ ಸೇರೋ ಕಡೆ ನೇರ ಹೋಗ್ಬೇಕಾದ್ರೆ ನಾಲ್ಕೂ ಹಾಕ್ಬಿಡು ಪುಟ್ಟಿ, ಕುರುಡನಿಗೂ ಕಾಣುತ್ತೆ.' ಶೆಡ್ಡಿಗೆ ಬಂದ ಮಾವ ಅದನ್ನು ಕೇಳಿ ತಲೆ ಚಚ್ಚಿಕೊಂಡಿದ್ದರು. 'ನೀನು ಗಾಡಿ ಮುಂದೆ ನಿಂತು ರಿಪೇರಿ ಮಾಡೋಳು, ನಿನಗೆ ಎರಡು ಕಡೇದೂ ಕಾಣುತ್ತೆ ಕಣಮ್ಮ. ಪಕ್ಕದ ರಸ್ತೆಯಿಂದ ಬರೋನಿಗೆ ಒಂದೇ ಕಾಣೋದು. ಅವನು ತಿರುಗುತ್ತೆ ಅಂದ್ಕೊಂಡು ನುಗ್ತಾನೆ.' ಆಗಲೂ ಅವಳು ಬೆಸುಗೆ ಹಾಕುತ್ತಾ ಹೂಂಗುಟ್ಟಿದ್ದಳು.

ದೀಪದ ಬುಡದಲ್ಲೇ ಕತ್ತಲೆ. ಊರಿನ ದೀಪಗಳನ್ನೆಲ್ಲ ಸರಿ ಮಾಡುವವಳು ತನ್ನ ಮನೆಯ ಹುಡುಗಿಗೆ ತಪ್ಪು ದೀಪ ಹಾಕುವುದನ್ನು ಕಲಿಸಿದ್ದಳು.

ಎಲ್ಲವೂ ಒಟ್ಟಿಗೆ ನುಗ್ಗಿ ಬಂತು. ಮೊನ್ನೆಯಿಂದ ಹುಡುಗಿ ಊಟ ಬಿಟ್ಟದ್ದು. ಒದ್ದೆ ಚಾದರ ಎತ್ತಿ ಹೆಗಲು ಹಿಡಿದಿದೆ ಎಂದು ಹಿಂದಿನ ದಿನ ಬೆನ್ನು ಕೊಟ್ಟು ಮಲಗಿದ್ದು. ಇವತ್ತು ಎರಡು ಡಬ್ಬಿಯನ್ನೂ ಎಡಗೈಯಲ್ಲೇ ತಂದದ್ದು. ನೋಯುತ್ತಿದ್ದದ್ದು ಬಲ ಹೆಗಲು. 'ಅತ್ತೆ, ಒಂದು ಮಾತಿತ್ತು.' ಸಂಜೆ ಎಂದು ಕಳಿಸಿದ್ದು ತಾನೇ.

"ಮಾವ," ಎಂದಳು. ಅವಳ ಕಣ್ಣು ತುಂಬಿಕೊಂಡಿತು.

"ನಿನಗೆ ಅದೊಂದೇ ಆಸರೆ. ಅದಕ್ಕೂ ನೀನೇ. ನನಗೇನು, ಮಕ್ಕಳೆಲ್ಲ ದಡ ಸೇರಿದಾರೆ. ಫ್ಯೂಸು ಸುಟ್ಟಿತ್ತು ಅಂತ ಬರೆದು ಮನೆಗೆ ಹೋಗಮ್ಮ."

ಗೇಟಿನಲ್ಲಿ ಜೀಪಿನ ಸದ್ದಾಯಿತು. ಇನ್ಸ್‌ಪೆಕ್ಟರ್ ಇಳಿದು ನೇರ ಇವರ ಕಡೆಗೇ ಬಂದರು. ಮಾವ ಗೇಟಿನ ಕಡೆ ನೋಡಿ, ಹೋಗು ಎನ್ನುವಂತೆ ಕಣ್ಣು ಮಾಡಿದರು. ಸೊಸೆ ಮೆಟ್ಟಿಲಿನಿಂದ ಎದ್ದಳು. ಡಬ್ಬಿಯ ನೆನಪೂ ಇರಲಿಲ್ಲ ಅವಳಿಗೆ. ಟೆಸ್ಟರಮ್ಮ ಅವಳನ್ನು ಕರೆಯಲು ಎದ್ದು ನಿಲ್ಲುವುದಕ್ಕೂ, ಇನ್ಸ್‌ಪೆಕ್ಟರ್ ಎದುರಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಒಳ್ಳೇದಾಯ್ತು ಟೆಸ್ಟರಮ್ಮ, ಇಲ್ಲೇ ಸಿಕ್ಕಿದ್ರಿ. ಆಸ್ಪತ್ರೆಯಿಂದ ಬರ್ತಿದೀನಿ. ಗಡಿಯಾರದವರಿಗೆ ಇವತ್ತು ಕೈಗೆ ಪೆನ್ನು ಕೊಟ್ರು." ಜೇಬಿನಿಂದ ಮಡಚಿದ ಹಾಳೆ ತೆಗೆದು ಅವಳ ಮುಂದೆ ಹಿಡಿದರು.

ನಡುಗುವ ಅಕ್ಷರದಲ್ಲಿ ಮೂರು ಸಾಲು. *ಎಡಗಡೆ ದೀಪ ಮಿಣುಕುತ್ತಿತ್ತು. ಎಡಕ್ಕೆ ತಿರುಗುತ್ತದೆ ಅಂದುಕೊಂಡು ಮುಂದೆ ಬಂದೆ. ಗಾಡಿ ನೇರ ಬಂತು.*

"ನಾಲ್ಕನೇ ಸಾಲು ಶುರು ಮಾಡಿದ್ರು, ಆಯಾಸ ಆಗಿ ಕೈ ಬಿದ್ದುಹೋಯ್ತು. ಸಂಜೆ ಮತ್ತೆ ಹೋಗ್ತೀನಿ." ಇನ್ಸ್‌ಪೆಕ್ಟರ್ ಮಾವನ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಆ ನೋಟದಲ್ಲಿ ಬೇಸರವಿತ್ತು. "ಇವರು ಹೇಳೋದಕ್ಕೂ ಇದಕ್ಕೂ ತಾಳಮೇಳ ಇಲ್ಲ. ಸತ್ತ ಇಂಡಿಕೇಟರ್ ಮಿಣುಕೋದು ಹೇಗೆ? ತಿರುಗಿದ ಗಾಡಿ ನೇರ ಬರೋದು ಹೇಗೆ? ಅದನ್ನ ನೀವೇ ಹೇಳ್ಬೇಕು. ವರದಿ ಮುಗೀತಾ?"

"ಒಂದು ಸಾಲು ಬಾಕಿ ಇದೆ ಸಾಹೇಬ್ರೆ," ಎಂದಳು. "ಅದಕ್ಕೆ ಮುಂಚೆ ನಾನು ಮನೇಲಿ ಒಂದು ಮಾತು..."

ವ್ಯಾನು ಶುರುವಾದ ಸದ್ದು ಕೇಳಿ ಅವಳ ಮಾತು ನಿಂತಿತು.

ಅದು ಗೇಟು ದಾಟಿ, ಎಡಕ್ಕೆ ಹೊರಳಿ, ಠಾಣೆಯ ಮೋಟುಗೋಡೆಯ ಆಚೆ ಇವರ ಪಕ್ಕದಲ್ಲೇ ನಿಧಾನವಾಗಿ ಸಾಗಿತು. ಇಪ್ಪತ್ತು ಹೆಜ್ಜೆ ಆಚೆ ಮೂಲೆಯಲ್ಲಿ ನಾಲ್ಕು ರಸ್ತೆ ಸೇರುತ್ತಿದ್ದವು. ಮೊನ್ನೆಯಿಂದ ಹೆದರಿದ ಜೀವ. ಎಂದಿಗಿಂತ ಹೆಚ್ಚು ಎಚ್ಚರದಲ್ಲಿ ಓಡಿಸುತ್ತಿದ್ದಳು. ಅತ್ತೆ ಹೇಳಿಕೊಟ್ಟದ್ದನ್ನು ಒಂದು ಚೂರೂ ಬಿಡದೆ.

ಬೇಡ ಪುಟ್ಟಿ, ಎಂದಿತು ಟೆಸ್ಟರಮ್ಮನ ಮನಸ್ಸು. ಬೇಡ.

ಮೂಲೆ ಹತ್ತಿರವಾಗುತ್ತಿದ್ದಂತೆ ವ್ಯಾನಿನ ದೀಪ ಮಿಣುಕತೊಡಗಿತು. ಮೋಟುಗೋಡೆಯ ಈ ಕಡೆ ನಿಂತವರಿಗೆ ಕಾಣುತ್ತಿದ್ದದ್ದು ಅದರ ಎಡಮೈ ಮಾತ್ರ.

ಇನ್ಸ್‌ಪೆಕ್ಟರರಿಗೆ ಅದರ ಮೇಲೆ ಗಮನವೇನೂ ಇರಲಿಲ್ಲ. ಮಾತಿನ ನಡುವೆ ಕಣ್ಣು ಆ ಕಡೆ ಹರಿಯಿತು, ಅಷ್ಟೇ. "ಎಡಕ್ಕೆ ತಿರುಗ್ತಾರೆ ಅಂತ ಕಾಣುತ್ತೆ, ಆ ಕಡೆ ರಸ್ತೆ ಅಗೆದಿದಾರಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ವ್ಯಾನು ನೇರ ಹೋಯಿತು.

ಮಾವ ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟರ್ ಸ್ವಲ್ಪ ಹೊತ್ತು ಖಾಲಿ ಮೂಲೆಯನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಹಾಳೆಯನ್ನು ಇನ್ನೊಮ್ಮೆ ಬಿಡಿಸಿ, ಮೂರೂ ಸಾಲನ್ನು ಬೆರಳಿಟ್ಟು ಓದಿದರು.

"ಟೆಸ್ಟರಮ್ಮ," ಎಂದರು ತಲೆ ಎತ್ತದೆ. "ನಿಮ್ಮ ಸೊಸೆ ಕೆಲಸ ಮಾಡೋದು ಆ ಲಾಂಡ್ರೀಲೇ ಅಲ್ವಾ?"